ಮುಂದಿನ ಹಲ್ಲು ಉಳಿಸಿಕೊಂಡ ಮದುಮಗ

ಮೂವತ್ತೆರಡು ಹಲ್ಲುಗಳಲ್ಲಿ ಒಂದು ಮುನಿಸಿಕೊಂಡರೆ ಸಾಕು, ಉಳಿದವು ಬಾಯಲ್ಲಿವೆ ಎಂಬುದೇ ಮರೆತುಹೋಗುತ್ತದೆ. ನಾನು ನಾಗಪುರದ ರೈಲ್ವೆ ಕಚೇರಿಯಲ್ಲಿ ಗುಮಾಸ್ತನಾಗಿ, ಅಣ್ಣ-ವೈನಿಯ ಮನೆಯಲ್ಲಿ ಉಂಡು ದುಂಡಗಾಗುತ್ತಿದ್ದ ಕಾಲವದು. ಅದೇ ಊರಿನಲ್ಲಿ ನೆಲೆಸಿದ್ದ ನಮ್ಮ ಧಾರವಾಡದ ಕಡೆಯವರ ಮನೆಗೆ ಹೋಗಿ ಹೆಣ್ಣು ನೋಡಿ ಬಂದಿದ್ದೆ. ನಾನಂತೂ ಅಲ್ಲಿಯೇ ಒಪ್ಪಿಬಿಟ್ಟಿದ್ದೆ, ಅವರ ಉತ್ತರ ಬರಬೇಕಿತ್ತು. ಆ ಹುಮ್ಮಸ್ಸಿನಲ್ಲಿ ಒಂದು ದಿನ ಕಿತ್ತಳೆ ಹಣ್ಣಿನ ಬುಟ್ಟಿಗೆ ಬಿಗಿದಿದ್ದ ಹಗ್ಗವನ್ನು ಹಲ್ಲಿನಿಂದಲೇ ಕಡಿಯಹೋದೆ. ಹಗ್ಗ ಗೆದ್ದಿತು. ನನ್ನ ಮುಂದಿನ ಹಲ್ಲು ಮೆಲ್ಲಗೆ ಕಪ್ಪಿಟ್ಟು, ಒಸಡಿನಲ್ಲಿ ಕೀವಿನ ಗುಳ್ಳೆ ಎದ್ದು, ಮೇಲ್ದುಟಿ ಬಾತುಕೊಂಡಿತು.

"ಅದನ್ನೇನ ಜೋಪಾನ ಮಾಡ್ತಿ? ಕಿತ್ತ ಒಗಸೋ ಮಾರಾಯಾ!" ಎಂದರು ವೈನಿ.

"ಮುಂದಿನ ಹಲ್ಲು ವೈನಿ! ಬೊಕ್ಕಬಾಯಿ ವರಗ ಯಾರ ಹೂಂ ಅಂತಾರ?"

"ಹಂಗಾರ ಬಾಯಿ ಮುಚ್ಚಿಕೊಂಡು ಲಗ್ನ ಆಗು. ನಮಗೂ ಒಂದೀಟು ಆರಾಮ."

ಹೆಣ್ಣಿನವರ ಕಿವಿಗೆ ಈ ಸುದ್ದಿ ಬಿದ್ದರೆ ಸಂಬಂಧ ಮುರಿದಂತೆಯೇ ಎಂದು ನನಗೆ ಖಾತ್ರಿಯಾಗಿತ್ತು. ಮುಖಕ್ಕೆ ಮಫ್ಲರ್ ಸುತ್ತಿ, ಸುಡುಬಿಸಿಲಿನಲ್ಲಿ ಬೆವರು ಸುರಿಸುತ್ತ, ಹಲ್ಲಿನ ಡಾಕ್ಟರರೊಬ್ಬರ ಬಳಿಗೆ ಓಡಿದೆ. ಅವರು ಹಲ್ಲು ಕೀಳುವುದಿಲ್ಲವಂತೆ, ಬೇರಿಗೇ ಔಷಧ ಹಾಕಿ ಉಳಿಸುತ್ತಾರಂತೆ! ಕಾಲಿನಿಂದ ತುಳಿಯುವ ಯಂತ್ರದಲ್ಲಿ ಹಲ್ಲಿನ ಹಿಂಬದಿಗೆ ತೂತು ಕೊರೆದರು. ಕೂದಲೆಳೆಯಂಥ ಸೂಜಿಗಳಿಂದ ಬೇರಿನ ಒಳಗಿನ ಕೊಳೆಯನ್ನೆಲ್ಲ ಕೆರೆದು ತೆಗೆದರು. ಔಷಧದಲ್ಲಿ ಅದ್ದಿದ ಹತ್ತಿಯ ಎಳೆಯನ್ನು ಒಳಗಿಟ್ಟು, ತಾತ್ಕಾಲಿಕವಾಗಿ ಮುಚ್ಚಿ, ಮುಂದಿನ ವಾರ ಬನ್ನಿ ಎಂದರು.

ಮುಂದಿನ ವಾರ ಹತ್ತಿಯನ್ನು ಹೊರತೆಗೆದು, ಕಣ್ಣು ಮುಚ್ಚಿ, ಸಂತೆಯಲ್ಲಿ ತುಪ್ಪ ಕೊಳ್ಳುವವರ ಹಾಗೆ ಮೂಸಿದರು. "ಅಜೂನ್ ವಾಸ್ ಯೇತೋ!" ಎಂದರು ಮರಾಠಿಯಲ್ಲಿ. ಅಂದರೆ ಇನ್ನೂ ವಾಸನೆ ಬರುತ್ತಿದೆ, ಸೋಂಕು ಹೋಗಿಲ್ಲ. ನನಗೂ ಮೂಸಿಸಿದರು. ಅಯ್ಯಪ್ಪಾ, ಅದು ನನ್ನದೇ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಲಗ್ನದ ಮಾತು ನಡೆದಿದೆ, ಇವತ್ತೇ ತುಂಬಿ ಮುಗಿಸಿಬಿಡಿ ಎಂದು ಗೋಗರೆದೆ. ಒಳಗೆ ಕೊಳೆ ಉಳಿಸಿ ಮುಚ್ಚಿದರೆ ನಿಮ್ಮ ಮುಖ ಲಗ್ನದ ಮಂಟಪದಲ್ಲೇ ಬಾತುಕೊಳ್ಳುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ ಎಂದರು. ಮತ್ತೆ ಸೂಜಿ, ಮತ್ತೆ ಹತ್ತಿ. ಅವರೊಡನೆ ನಾನು ಬಲು ಠೀವಿಯ ಮರಾಠಿ ಮಾತಾಡುತ್ತಿದ್ದೆ. ಸೂಜಿ ಕಂಡದ್ದೇ ತಡ, ಅಷ್ಟೂ ಮರಾಠಿ ಕಿಟಕಿಯಿಂದ ಹಾರಿಹೋಗಿ, "ಯವ್ವಾ! ಸತ್ನೆಪೋ!" ಎಂದು ಧಾರವಾಡವೇ ಗಂಟಲಿನಿಂದ ಹೊರಬೀಳುತ್ತಿತ್ತು. ಇನ್ನೂ ಮುಟ್ಟೇ ಇಲ್ಲವಲ್ಲ ಎಂದು ಡಾಕ್ಟರರು ಗಾಬರಿಯಾಗುತ್ತಿದ್ದರು.

ಈ ಗದ್ದಲದ ನಡುವೆ ಹೆಣ್ಣಿನವರ ಒಪ್ಪಿಗೆ ಬಂದಿತು! ನಾನು ಕುಣಿದಾಡಿದೆ, ಬಾಯಿ ಮುಚ್ಚಿಕೊಂಡೇ. ದಿನ ಕಳೆದಂತೆ ಬಾವು ಇಳಿಯಿತು, ಗುಳ್ಳೆ ಬತ್ತಿತು. ಕೊನೆಗೊಮ್ಮೆ ಡಾಕ್ಟರರು ಹತ್ತಿಯನ್ನು ಮೂಸಿ, ಮತ್ತೆ ಮೂಸಿ, "ವಾಸ್ ನಾಹೀ!" ಎಂದು ಕೂಗಿದರು. ಸಂತೋಷಕ್ಕೆ ಕಂಪೌಂಡರನಿಗೂ ಮೂಸಿಸಿದರು. ಆ ದಿನವೇ ಬೇರನ್ನು ತುಂಬಿ ಶಾಶ್ವತವಾಗಿ ಮುಚ್ಚಿದರು. ಹಲ್ಲು ಕಪ್ಪಾಗಿಯೇ ಉಳಿಯಿತು, ಆದರೆ ಉಳಿಯಿತು.

ಮದುವೆಯಲ್ಲಿ ನಮ್ಮವರದೊಂದು ಪದ್ಧತಿ: ವರ ವೀಳ್ಯವನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ ಹಿಡಿಯಬೇಕು, ವಧು ಇನ್ನೊಂದು ತುದಿಯನ್ನು ಕಡಿದುಕೊಳ್ಳಬೇಕು. ಇದನ್ನು ನಾನು ಮರೆತೇಬಿಟ್ಟಿದ್ದೆ! "ಜಗ್ಗವಾ, ಜೋರಾಗಿ ಜಗ್ಗು!" ಎಂದು ಹೆಂಗಸರೆಲ್ಲ ಹುರಿದುಂಬಿಸತೊಡಗಿದರು. ಈಗ ಎಳೆದಳು, ಈಗ ಹಲ್ಲು ಎಲ್ಲರೆದುರು ಅವಳ ಉಡಿಗೆ ಬಿತ್ತು ಎಂದುಕೊಂಡು ಕಣ್ಣು ಮುಚ್ಚಿದೆ. ಅವಳು ಒಂದಿಷ್ಟೂ ಎಳೆಯದೆ, ಎಲೆಯ ಅಂಚನ್ನಷ್ಟೇ ಮೆತ್ತಗೆ ಕಡಿದುಕೊಂಡಳು. ಹೆಂಗಸರಿಗೆ ನಿರಾಸೆಯಾಯಿತು.

ಊಟಕ್ಕೆ ಪಕ್ಕದಲ್ಲಿ ಕೂತಾಗ, ತಲೆ ಎತ್ತದೆಯೇ ಕೇಳಿದಳು: "ಹಲ್ಲು ಈಗ ನೋಯಂಗಿಲ್ಲಲ್ರೀ?"

ಬಾಯಿಗೆ ಒಯ್ಯುತ್ತಿದ್ದ ಬುಂದಿಲಾಡನ್ನು ಎಲೆಗೇ ಇಟ್ಟೆ. "ನಿನಗ ಯಾರ ಹೇಳಿದ್ರು?"

"ಅಜ್ಜಿಗೆ ಹಲ್ಲಿನ ಸೆಟ್ ಮಾಡಸಾಕ ನಾವೂ ಅದೇ ಡಾಕ್ಟರ ಕಡೆ ಬಂದಿದ್ವಿ. ಪರದೆ ಆಚಿಂದ ಕನ್ನಡದಾಗ ಯಾರೋ ಒದರಿದ್ರು. ಆಮ್ಯಾಲೆ ಮಫ್ಲರ್ ಸುತ್ತಿಕೋತ ನೀವು ಹೊರಗ ಬಂದ್ರಿ."

"ಗೊತ್ತಿದ್ದೂ ಹೂಂ ಅಂದ್ಯಾ?"

"ಇಷ್ಟು ಜೋರ ಒದರೋ ಗಂಡಸಿನ ಹೊಟ್ಟ್ಯಾಗ ಗುಟ್ಟು ನಿಲ್ಲಂಗಿಲ್ಲ ಅನ್ನಿಸ್ತು. ಅದಕ್ಕ ಹೂಂ ಅಂದೆ."

ಹಲ್ಲಿನ ಸುದ್ದಿ ಬೀಗರಿಗೆ ತಿಳಿಯದಿರಲೆಂದು ನಾಗಪುರದ ಬಿಸಿಲಿನಲ್ಲಿ ಬೆಂದುಹೋಗಿದ್ದ ನಾನು, ಮುಚ್ಚುಮರೆಯಿಲ್ಲದ ವರನೆಂದು ಆಯ್ಕೆಯಾಗಿದ್ದೆ. ಅವಳ ಆ ಅಭಿಪ್ರಾಯವನ್ನು ತಿದ್ದುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.