ಪುಟ ಹಿಡಿದ ಹೆಬ್ಬೆಟ್ಟು

ಸ್ಕ್ಯಾನಣ್ಣನ ಕಷ್ಟಕ್ಕೆಲ್ಲ ಮೂಲ ಅವನ ಎಡಗೈ ಹೆಬ್ಬೆರಳು. ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂತು, ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ, ಆನ್‌ಲೈನ್‌ನಲ್ಲಿ ಓದುವ ವಿದ್ಯಾರ್ಥಿಗಳಿಗೆ ಕಳಿಸುವುದು ಅವನ ಕೆಲಸ. ಹಳೆಯ ಪುಸ್ತಕಗಳಿಗೋ, ಕೈ ಬಿಟ್ಟರೆ ಮುಚ್ಚಿಕೊಳ್ಳುವ ಚಾಳಿ. ಮೇಲಿಂದ ಇಣುಕುವ ಕ್ಯಾಮೆರಾದ ಕೆಳಗೆ ಎಡಗೈಯಲ್ಲಿ ಪುಟ ಒತ್ತಿ ಹಿಡಿದು ಬಲಗೈಯಲ್ಲಿ ಗುಂಡಿ ಅದುಮಬೇಕು. ಅದುಮಿದಾಗಲೆಲ್ಲ ಪುಟದ ಮೂಲೆಯಲ್ಲಿ ಹೆಬ್ಬೆರಳೂ ಹೊರಟುಬಿಡುತ್ತಿತ್ತು, ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಉಗುರಿನ ಮೇಲಾದ ಅರ್ಧಚಂದ್ರದ ಗುರುತಿನ ಸಮೇತ.

ನೀನಿಲ್ಲಿ ಗುಂಡಿ ಒತ್ತಿದರೆ ಸಮುದ್ರದ ನಡುವಿನ ಹಡಗಿನಲ್ಲೂ ಪುಟ ತೆರೆದುಕೊಳ್ಳುತ್ತದೆ ಎಂದು ಮೊದಲ ದಿನ ಯಾರೋ ಹೇಳಿದ್ದರು. ಆಗ ಬಿಟ್ಟ ಬಾಯನ್ನು ಅವನು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಈಗಲೂ ಗುಂಡಿ ಒತ್ತಿದ ಮೇಲೆ ಒಮ್ಮೆ ಛಾವಣಿಯತ್ತ ನೋಡುತ್ತಿದ್ದ. ಪುಟ ಹಾರಿ ಹೋಗುವುದು ಕಂಡರೂ ಕಾಣಬಹುದು ಎಂಬ ಆಸೆ.

ಅವತ್ತು ಅವನ ಇನ್ನೂರ ನಲವತ್ತನೆಯ ದಿನ. ಹಂಗಾಮಿ ನೌಕರ ಒಂದು ದಿನವೂ ತಪ್ಪದೆ ಇನ್ನೂರ ನಲವತ್ತು ದಿನ ಹಾಜರಾದರೆ ಕೆಲಸ ಕಾಯಂ. ಒಂದು ದಿನ ತಪ್ಪಿದರೆ ಲೆಕ್ಕ ಮತ್ತೆ ಒಂದರಿಂದ. ಹೆಂಡತಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾ ಬಂದಿದ್ದಳು.

"ರೀ, ಇವತ್ತೊಂದಿನ ಯಾರ ತಂಟೆಗೂ ಹೋಗ್ಬೇಡಿ. ಹೋಗಿ, ಬೆರಳಿಟ್ಟು, ಬೆರಳಿಟ್ಟು ಬನ್ನಿ," ಎಂದಿದ್ದಳು.

ಬೆರಳಿಡುವುದೆಂದರೆ ಬಾಗಿಲಲ್ಲಿರುವ ಹಾಜರಿ ಪೆಟ್ಟಿಗೆಗೆ. ಬೆಳಗ್ಗೆ ಬರುವಾಗ ಒಮ್ಮೆ, ಸಂಜೆ ಏಳರೊಳಗೆ ಹೋಗುವಾಗ ಒಮ್ಮೆ ಎಡಗೈ ಹೆಬ್ಬೆಟ್ಟು ಒತ್ತಬೇಕು. ಎರಡರಲ್ಲಿ ಒಂದು ತಪ್ಪಿದರೂ ಗೈರು. ಪುಟ ಒತ್ತಿ ಒತ್ತಿ ಸವೆದ ಅವನ ಹೆಬ್ಬೆಟ್ಟನ್ನು ಕಂಡರೆ ಪೆಟ್ಟಿಗೆಗೆ ಅಷ್ಟಕ್ಕಷ್ಟೆ.

"ಗುರುತು ಸಿಗಲಿಲ್ಲ. ಮತ್ತೆ ಪ್ರಯತ್ನಿಸಿ," ಎಂದಿತು ಪೆಟ್ಟಿಗೆಯೊಳಗಿನ ಹೆಂಗಸಿನ ದನಿ.

"ಬಾಯಿಂದ ಹಬೆ ಕೊಡಣ್ಣ," ಎಂದ ಕಾವಲುಗಾರ. ಆರನೆಯ ಸಲಕ್ಕೆ ಪೆಟ್ಟಿಗೆ ಒಲ್ಲದ ಮನಸ್ಸಿನಿಂದ "ಧನ್ಯವಾದ" ಎಂದಿತು.

ಕೆಳಗಿಳಿದರೆ ಗ್ರಂಥಪಾಲಕಿ ಮೇಡಂ ಕೈಯಲ್ಲಿ ಕಾಗದ ಹಿಡಿದು ನಿಂತಿದ್ದರು.

"ಸ್ಕ್ಯಾನಣ್ಣ, ಪ್ರೊಫೆಸರೊಬ್ರು ದೂರು ಕೊಟ್ಟಿದಾರೆ. ಪುಟ ನಲವತ್ತಾರರಲ್ಲಿ ಸೂತ್ರ ಇರ್ಬೇಕಾದ ಜಾಗದಲ್ಲಿ ನಿಮ್ಮ ಹೆಬ್ಬೆಟ್ಟಿದೆಯಂತೆ."

"ಸೂತ್ರ ಅದರ ಕೆಳಗೇ ಇದೆ ಮೇಡಂ."

"ಅದನ್ನ ವಿದ್ಯಾರ್ಥಿಗಳು ಎತ್ತಿ ನೋಡಕ್ಕಾಗುತ್ತಾ?" ಮೇಡಂ ಒಂದು ದಪ್ಪ ಪುಸ್ತಕ ಮೇಜಿನ ಮೇಲಿಟ್ಟರು. ಗ್ರಹತಾರೆಗಳ ಹಳೆಯ ಪಠ್ಯ. "ಇನ್ನೂರ ಹನ್ನೆರಡು ಪುಟ. ಇರೋದು ಇದೊಂದೇ ಪ್ರತಿ. ಆರುನೂರು ಜನಕ್ಕೆ ನಾಳಿದ್ದು ಪರೀಕ್ಷೆ. ಇವತ್ತು ಸಂಜೆ ನಾಲ್ಕಕ್ಕೆ ಪುಟಗಳು ಹೋಗ್ಬೇಕು, ಒಂದು ಪುಟದಲ್ಲೂ ಹೆಬ್ಬೆಟ್ಟು ಕಾಣ್ಬಾರ್ದು. ಕಂಡ್ರೆ ನಿಮ್ಮ ಕಾಯಂ ಕಾಗದಕ್ಕೆ ನಾನು ಸಹಿ ಹಾಕಲ್ಲ."

ಸುದ್ದಿ ಕಪಾಟುಗಳ ಸಂದಿಯಲ್ಲಿ ನುಸುಳಿ ಕ್ಷಣದಲ್ಲಿ ಎಲ್ಲರಿಗೂ ಮುಟ್ಟಿತು. ಮೊದಲು ಬಂದವರು ಪುಸ್ತಕಗಳ ಪಟ್ಟಿ ಬರೆಯುವ ಕ್ಯಾಟಲಾಗ್ ಅಕ್ಕ.

"ಅಯ್ಯೋ, ಇದಕ್ಯಾಕೆ ತಲೆ ಕೆಡಿಸ್ಕೋತೀರಿ? ನಾನು ಹಿಡ್ಕೋತೀನಿ, ನೀವು ಒತ್ತಿ."

ಇಪ್ಪತ್ತು ಪುಟವಾದ ಮೇಲೆ ನೋಡಿದರೆ ಒಂದು ಹೆಬ್ಬೆಟ್ಟಿದ್ದ ಜಾಗದಲ್ಲಿ ನೇಲ್ ಪಾಲಿಶ್ ಹಚ್ಚಿದ ಐದು ಬೆರಳು. ಎಲ್ಲ ಅಳಿಸಿ ಮೊದಲಿಂದ ಶುರು. ಈ ಸಲ ಅಕ್ಕ ಮರದ ಸ್ಕೇಲು ತಂದರು. ಸ್ಕೇಲು ಪ್ರತಿ ಪುಟದ ಕೊನೆಯ ಎರಡು ಸಾಲು ನುಂಗಿತು.

ಆಮೇಲೆ ಬಂದವರು ಬೈಂಡರ್ ತಾತ. ಮೈಯೆಲ್ಲ ಅಂಟಿನ ವಾಸನೆ.

"ಗಾಜು ಇಡಪ್ಪಾ. ಪುಟ ಅಲ್ಲಾಡಲ್ಲ, ಅಕ್ಷರ ಮುಚ್ಚಲ್ಲ."

"ಗಾಜು ಎಲ್ಲಿದೆ ತಾತ?"

"ಮೇಡಂ ಮೇಜಿನ ಮೇಲೆ. ಅವ್ರು ಮೀಟಿಂಗಿಗೆ ಹೋಗಿದಾರೆ."

ಮೂವರೂ ಸೇರಿ ಗಾಜನ್ನು ಕಳ್ಳರ ಹಾಗೆ ಮೆಟ್ಟಿಲಿಳಿಸಿ ತಂದರು. ಪುಟ ಅಲ್ಲಾಡಲಿಲ್ಲ, ಹೆಬ್ಬೆಟ್ಟೂ ಇಲ್ಲ. ಸ್ಕ್ಯಾನಣ್ಣ ಸಂತೋಷದಿಂದ ಕಂಪ್ಯೂಟರ್ ತೆರೆ ನೋಡಿದ. ಶನಿಗ್ರಹದ ಉಂಗುರದೊಳಗೆ ಅವನದೇ ಮುಖ ಹಲ್ಲು ಕಿರಿಯುತ್ತಿತ್ತು. ಗಾಜಿನಲ್ಲಿ ಬಿದ್ದ ಬಿಂಬ.

"ಹೆಬ್ಬೆಟ್ಟೇ ವಾಸಿಯಿತ್ತು," ಎಂದರು ಅಕ್ಕ.

ಬಿಂಬ ತಪ್ಪಿಸಲು ಗಾಜನ್ನು ಓರೆ ಮಾಡಿದ್ದೇ ತಡ, ಭಾರಕ್ಕೆ ಪುಸ್ತಕದ ಬೆನ್ನು ಲಟಕ್ಕೆಂದಿತು. ಇದ್ದ ಒಂದೇ ಪ್ರತಿ ಎರಡು ಹೋಳು. ಫ್ಯಾನಿನ ಗಾಳಿಗೆ ಬುಧ, ಶುಕ್ರ ಎಲ್ಲ ಮೇಜಿನ ಕೆಳಗೆ ಹಾರಿದವು. ಸ್ಕ್ಯಾನಣ್ಣ ಅವುಗಳ ಹಿಂದೆಯೇ ಮೇಜಿನಡಿ ತೂರಿದ. ತಾತ ಮಾತ್ರ ತೊಡೆ ತಟ್ಟಿಕೊಂಡು ನಕ್ಕರು.

"ಒಳ್ಳೇದೇ ಆಯ್ತಲ್ಲೋ! ಇನ್ನು ಬಿಡಿ ಹಾಳೆ. ಹಿಡಿಯೋ ಗೋಜೇ ಇಲ್ಲ. ನೀನು ಸ್ಕ್ಯಾನ್ ಮಾಡಿ ಮಾಡಿ ಕೊಡು, ಮೇಡಂ ಬರೋದ್ರೊಳಗೆ ನಾನು ಹೊಸ ಬೆನ್ನು ಕಟ್ತೀನಿ."

ಹಾಗೇ ಆಯಿತು. ನಾಲ್ಕಕ್ಕೆ ಐದು ನಿಮಿಷವಿರುವಾಗ ಇನ್ನೂರ ಹನ್ನೆರಡು ಪುಟವೂ ತೊಳೆದಿಟ್ಟ ಬಟ್ಟಲಿನಂತೆ ಹೊರಟವು. ಗಾಜು ಮೇಡಂ ಮೇಜು ಸೇರಿತು. ಸ್ಕ್ಯಾನಣ್ಣ ಛಾವಣಿಯತ್ತ ನೋಡಿ ಕೈಮುಗಿದ.

ನಾಲ್ಕೂವರೆಗೆ ಮೇಡಂ ಮೆಟ್ಟಿಲಿಳಿದು ಓಡಿ ಬಂದರು. ಅವರು ಓಡಿದ್ದನ್ನು ಆ ಕಟ್ಟಡ ಹಿಂದೆ ಕಂಡಿರಲಿಲ್ಲ.

"ಏನ್ರೀ ಕಳಿಸಿದೀರಿ? ನೂರಾ ಎಂಬತ್ತು ಜನ ಬರೆದಿದಾರೆ, ಇದು ನಕಲಿ ಅಂತ!"

"ಹೆಬ್ಬೆಟ್ಟಿಲ್ದೇ ಕಳಿಸಿದೀನಲ್ಲ ಮೇಡಂ?"

"ಅದಕ್ಕೇ ಕಣ್ರೀ ನಕಲಿ!"

ವಿಷಯ ಹೀಗಿತ್ತು. ಹೋದ ಪರೀಕ್ಷೆಯಲ್ಲಿ ಯಾರೋ ಸಾಲು ತಪ್ಪಿದ ಕಳ್ಳಪ್ರತಿಗಳನ್ನು ಹರಿಯಬಿಟ್ಟಿದ್ದರು, ಅವನ್ನು ಓದಿದವರೆಲ್ಲ ಫೇಲಾಗಿದ್ದರು. ಅಂದಿನಿಂದ ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಒಂದು ಕಟ್ಟಳೆ ಮಾಡಿಕೊಂಡಿದ್ದರು: ಅರ್ಧಚಂದ್ರದ ಹೆಬ್ಬೆಟ್ಟು ಇದ್ದರೆ ಮಾತ್ರ ಅಸಲಿ ಪುಟ. ಮೇಡಂ ಫೋನು ನೋಡಿ ಒಂದೊಂದೇ ಓದತೊಡಗಿದರು.

"'ಹೆಬ್ಬೆಟ್ಟು ಮೇಷ್ಟ್ರಿಗೆ ಹುಷಾರಿಲ್ವಾ? ಹಡಗಿನಲ್ಲಿ ನಾವು ನಾಲ್ಕು ಜನ ಕಾಯ್ತಿದೀವಿ.' ಇನ್ನೊಬ್ಳು ನರ್ಸು: 'ಡ್ಯೂಟಿ ಮುಗಿಸಿ ಕಣ್ಣು ಎಳೀತಿರುತ್ತೆ, ಆ ಬೆರಳು ನೋಡಿದ್ರೆ ಯಾರೋ ನಂಗೋಸ್ಕರ ಪುಟ ಹಿಡ್ಕೊಂಡು ಕೂತಿದಾರೆ ಅನ್ಸುತ್ತೆ.'" ಮೇಡಂ ದನಿ ಇಳಿಯಿತು. "ಇದು ಜೈಲಿಂದ. 'ಎರಡು ವರ್ಷದಲ್ಲಿ ನನ್ನ ಕಡೆ ಚಾಚಿದ ಕೈ ಅದೊಂದೇ.'"

ಸ್ಕ್ಯಾನಣ್ಣ ತನ್ನ ಹೆಬ್ಬೆಟ್ಟನ್ನು ಬೇರೆಯವರದ್ದೇನೋ ಎನ್ನುವಂತೆ ತಿರುಗಿಸಿ ತಿರುಗಿಸಿ ನೋಡಿದ. ತಾನು ಬೆಳಗ್ಗೆ ಬಸ್ಸಿನಲ್ಲಿ ಜೋತುಬಿದ್ದು ಬರುವ ಕೈ ಇದು. ಇದು ತನಗೆ ಗೊತ್ತಿಲ್ಲದೆ ಕಡಲು ದಾಟಿದೆ, ಜೈಲಿನ ಗೋಡೆ ದಾಟಿದೆ. ಇಷ್ಟು ದೊಡ್ಡ ವಿಷಯ ಇಷ್ಟು ಚಿಕ್ಕ ಬೆರಳಿಗೆ ಹೇಗೆ ಹತ್ತಿತೆಂದು ಅವನಿಗೆ ತಿಳಿಯಲಿಲ್ಲ.

"ಕಂಪ್ಯೂಟರಲ್ಲಿ ಒಂದು ಹೆಬ್ಬೆಟ್ಟು ಅಂಟಿಸಿದ್ರೆ?" ಎಂದರು ಅಕ್ಕ.

"ಅಂಟಿಸಿದ್ದಾದ್ರೆ ಎಲ್ಲ ಪುಟದಲ್ಲೂ ಒಂದೇ ಕಡೆ ಇರುತ್ತೆ, ಅವ್ರು ಕಂಡುಹಿಡೀತಾರಂತೆ. ಸ್ಕ್ಯಾನಣ್ಣ, ಕೈಮುಗೀತೀನಿ. ಇನ್ನೊಂದ್ಸಲ, ಹೆಬ್ಬೆಟ್ಟಿಟ್ಟು. ನೋಡಿ, ನಿಮ್ಮ ಕಾಯಂ ಕಾಗದಕ್ಕೆ ಈಗಲೇ ಸಹಿ ಹಾಕ್ತೀನಿ." ಹಾಕಿಯೂ ಬಿಟ್ಟರು.

ಆದರೆ ಪುಸ್ತಕಕ್ಕೆ ತಾತ ಆಗಲೇ ಹೊಸ ಬೆನ್ನು ಕಟ್ಟಿಯಾಗಿತ್ತು. ಅಂಟು ಇನ್ನೂ ಹಸಿ, ಬೆನ್ನು ಮಾತ್ರ ಹಲಗೆಯಷ್ಟು ಬಿಗಿ. ಪ್ರತಿ ಪುಟವನ್ನೂ ಬಲವಾಗಿ ಒತ್ತಬೇಕು. ಸಂದಿಯಿಂದ ಒಸರಿದ ಅಂಟು ಹೆಬ್ಬೆಟ್ಟಿನ ಕೆಳಗೆ ಮೆತ್ತಿಕೊಳ್ಳುವುದು, ಬೆರಳು ಕಿತ್ತರೆ ಚುರ್ರೆನ್ನುವುದು, ಮತ್ತೆ ಮುಂದಿನ ಪುಟ. ಸ್ಕ್ಯಾನಣ್ಣನಿಗೆ ಅದೊಂದೂ ಲೆಕ್ಕಕ್ಕಿರಲಿಲ್ಲ. ಒಂದು ಪುಟ ಹಡಗಿಗೆ, ಒಂದು ನರ್ಸಮ್ಮನಿಗೆ, ಒಂದು ಆ ಜೈಲಿನವನಿಗೆ ಎಂದುಕೊಳ್ಳುತ್ತಾ ಒತ್ತಿದ. ಆ ಜೈಲಿನವನ ಪಾಲಿಗೆ ಬಂದ ಪುಟಗಳಲ್ಲಿ ಬೆರಳನ್ನು ಸ್ವಲ್ಪ ಮುಂದಕ್ಕೇ ಚಾಚಿದ.

ಆರೂ ಮುಕ್ಕಾಲಿಗೆ ಕೊನೆಯ ಪುಟ ಹೋಯಿತು. ಎರಡೇ ನಿಮಿಷದಲ್ಲಿ ಮೇಡಂ ಫೋನು ಕುಣಿಯತೊಡಗಿತು. 'ಅಸಲಿ!' 'ಮೇಷ್ಟ್ರು ಬಂದ್ರು!' ಆರುನೂರು ಜನ ಕಣ್ಣುಮುಚ್ಚಿ ಒಪ್ಪಿಕೊಂಡರು. ಅಕ್ಕ ಕಣ್ಣೊರೆಸಿಕೊಂಡರು. ತಾತ ಅವನ ಬೆನ್ನು ತಟ್ಟಿದರು. ಸ್ಕ್ಯಾನಣ್ಣ ಸಹಿಯಾದ ಕಾಗದ ಜೇಬಿಗಿಟ್ಟು ಮೆಟ್ಟಿಲೇರಿ, ಏಳಕ್ಕೆ ಎಂಟು ನಿಮಿಷವಿರುವಾಗ ಹಾಜರಿ ಪೆಟ್ಟಿಗೆಗೆ ಹೆಬ್ಬೆಟ್ಟು ಒತ್ತಿದ.

"ಗುರುತು ಸಿಗಲಿಲ್ಲ. ಮತ್ತೆ ಪ್ರಯತ್ನಿಸಿ."

ಬೆರಳು ತಿರುಗಿಸಿ ನೋಡಿದ. ಮೇಲೆ ಉಗುರು, ಅರ್ಧಚಂದ್ರ, ಎಲ್ಲ ಹಾಗೇ ಇತ್ತು. ಕೆಳಗಿನ ಗೆರೆಗಳು ಮಾತ್ರ ಇನ್ನೂರ ಹನ್ನೆರಡು ಪುಟಕ್ಕೂ ಸಿಪ್ಪೆ ಸಿಪ್ಪೆಯಾಗಿ ಅಂಟಿ ಹೋಗಿದ್ದವು. ಹಬೆ ಕೊಟ್ಟ. ಪ್ಯಾಂಟಿಗೆ ಉಜ್ಜಿದ. ಸೀಮೆಸುಣ್ಣ ಹಚ್ಚಿದರು ಅಕ್ಕ, ನೀರು ಚಿಮುಕಿಸಿದರು ತಾತ.

"ಗುರುತು ಸಿಗಲಿಲ್ಲ."

"ಮೇಡಂ, ನಾನು ಇಲ್ಲೇ ಇದ್ದೆ ಅಂತ ನೀವೇ ಹೇಳಿ!"

"ನಾನು ನೋಡಿದೀನಿ, ಆರುನೂರು ಜನ ನೋಡಿದಾರೆ ಸ್ಕ್ಯಾನಣ್ಣ. ಆದ್ರೆ ಅದು ನೋಡ್ಬೇಕಲ್ಲ. ಏಳಕ್ಕೆ ಪಟ್ಟಿ ತಾನಾಗೇ ಮುಖ್ಯ ಕಚೇರಿಗೆ ಹೋಗಿಬಿಡುತ್ತೆ. ಪಟ್ಟೀಲಿ ಹಾಜರಿ ಇಲ್ದೇ ನನ್ನ ಸಹಿ ನಡೆಯಲ್ಲ."

ಗಡಿಯಾರ ಏಳು ಹೊಡೆಯಿತು. ಪೆಟ್ಟಿಗೆಯ ಮೇಲೆ ಕೆಂಪು ಅಕ್ಷರ ಮೂಡಿತು: ಗೈರುಹಾಜರು. ಪೂರೈಸಿದ ದಿನಗಳು: ಸೊನ್ನೆ.

ಹೊರಡಲು ಹೋದರೆ ಕಾವಲುಗಾರ ಬಾಗಿಲಿಗೆ ಅಡ್ಡ ನಿಂತಿದ್ದ. ಪಾಪ, ಅವನಿಗೂ ಮುಖ ಎತ್ತಲಾಗುತ್ತಿರಲಿಲ್ಲ.

"ಬೇಜಾರು ಮಾಡ್ಕೋಬೇಡ ಅಣ್ಣ. ಲೆಕ್ಕದಲ್ಲಿ ನೀನಿವತ್ತು ಬಂದೇ ಇಲ್ಲ. ಗೈರಾದವ್ರು ಒಳಗಿಂದ ಆಚೆ ಹೋಗೋ ಹಾಗಿಲ್ಲ. ಸಂದರ್ಶಕರ ಪುಸ್ತಕದಲ್ಲಿ ಬರೆದು ಹೋಗು. ಹೆಸರು, ಬಂದ ಉದ್ದೇಶ."

ಸ್ಕ್ಯಾನಣ್ಣ ಪುಸ್ತಕ ಎಳೆದುಕೊಂಡ. ಅದೂ ಬಿಟ್ಟರೆ ಮುಚ್ಚಿಕೊಳ್ಳುವ ಜಾತಿಯದೇ. ಎಡಗೈ ಹೆಬ್ಬೆಟ್ಟಿನಿಂದ ಪುಟ ಒತ್ತಿ ಹಿಡಿದು, ಬಲಗೈಯಲ್ಲಿ ಬರೆದ: 'ಪುಟ ಹಿಡಿಯಲು.'