ದೊಡ್ಡಾಯಿಯ ಗಂಟಲು ಮತ್ತು ಹದಿನೇಳು ಈಕ್ವಲೈಸರ್‌ಗಳು

ನಮ್ಮ ದೊಡ್ಡಾಯಿಯ ಟ್ಯಾಬಿನಲ್ಲಿ ಹದಿನೇಳು ಈಕ್ವಲೈಸರ್ ಆ್ಯಪ್‌ಗಳಿವೆ. ನಡುಮನೆಯ ಫ್ಯಾನಿಗೆ ಯಾವ ಸ್ವಿಚ್ಚು ಎನ್ನುವುದು ಮಾತ್ರ ಅವಳಿಗೆ ಇವತ್ತಿಗೂ ಗೊತ್ತಿಲ್ಲ! ನಾಲ್ಕನ್ನೂ ಒತ್ತುತ್ತಾಳೆ, ಯಾವುದು ತಿರುಗುತ್ತದೋ ಅದರ ಕೆಳಗೆ ಕೂರುತ್ತಾಳೆ. ಅದೇ ಕೈಗೆ ಟ್ಯಾಬು ಕೊಟ್ಟು ನೋಡಿ! ಕನ್ನಡಕ ಮೂಗಿನ ತುದಿಗೆ ಇಳಿಸಿ, "ಇದ್ರಲ್ಲಿ ಐನೂರು ಹರ್ಟ್ಸ್ ಜಾಸ್ತಿ ಆಜು, ಮೂಗಲ್ಲಿ ಹಾಡಿದಂಗೆ ಕೇಳ್ತು" ಎಂದು ತೀರ್ಪು ಕೊಡುತ್ತಾಳೆ. ಸಂಕಷ್ಟಿಯ ಉಪವಾಸವನ್ನೂ ಬೇಸ್ ಬೂಸ್ಟರನ್ನೂ ಒಂದೇ ಶ್ರದ್ಧೆಯಿಂದ ನಡೆಸುವ ಎಪ್ಪತ್ತೊಂದು ವರ್ಷದ ಹೆಂಗಸು ಇಡೀ ಶಿರಸಿ ಪೇಟೆಯಲ್ಲಿ ಇನ್ನೊಬ್ಬಳಿದ್ದರೆ ದಯವಿಟ್ಟು ತಿಳಿಸಿ. ಇಬ್ಬರನ್ನೂ ಭೇಟಿ ಮಾಡಿಸಿ ನಾನು ಸ್ವಲ್ಪ ದಿನ ಊರು ಬಿಡುತ್ತೇನೆ.

ದೊಡ್ಡಾಯಿ ಎಂದರೆ ನನ್ನ ತಾಯಿಯ ಅಕ್ಕ. ಮದುವೆ ಮನೆಯ ಹೆಂಗಸರ ಹಾಡಿನಲ್ಲಿ ಸೋಂದೆಯಿಂದ ಹೆಗ್ಗರಣೆಯವರೆಗೆ ಅವಳದೇ ಮುಂದಾಳತ್ವ. ಎಣ್ಣೆ ಹಚ್ಚುವುದಕ್ಕೊಂದು ಹಾಡು, ಧಾರೆಗೊಂದು, ಆರತಿಗೊಂದು. ಎಲ್ಲಕ್ಕೂ ಕೊನೆಯದು ಕೂಸು ಒಪ್ಪಿಸುವ ಹಾಡು. ನಮ್ಮ ಕಡೆ ಮದುಮಗಳೂ ಕೂಸೇ. ಗಂಡಿನ ಕಡೆಯವರ ಕೈಗೆ ಅವಳನ್ನು ಒಪ್ಪಿಸುವಾಗ ದೊಡ್ಡಾಯಿ ಈ ಹಾಡು ಎತ್ತಿದರೆ ಊಟದ ಪಂಕ್ತಿಯಲ್ಲಿ ಜಿಲೇಬಿ ಎಣಿಸುತ್ತಿದ್ದ ಗಂಡಸರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಈ ಹಾಡಿಗೆ ನಮ್ಮ ಮನೆತನದಲ್ಲೊಂದು ಕಟ್ಟಳೆಯಿದೆ. ಹೆತ್ತ ತಾಯಿ ಅದನ್ನು ಹಾಡುವಂತಿಲ್ಲ. ಹಾಡಿದರೆ ಅಳು ಬರುತ್ತದೆ, ಅತ್ತರೆ ಹಾಡು ನಡುವೆ ನಿಲ್ಲುತ್ತದೆ, ನಿಂತರೆ ಅಪಶಕುನವಂತೆ! ಹಾಗಾಗಿ ಊರಿಗೆಲ್ಲ ಹಾಡಿದ ದೊಡ್ಡಾಯಿ ಇಪ್ಪತ್ತೈದು ವರ್ಷದ ಹಿಂದೆ ತನ್ನ ಒಬ್ಬಳೇ ಮಗಳ ಮದುವೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಹಾಡಿದ್ದು ದೂರದ ಸಂಬಂಧದ ಒಬ್ಬ ಹೆಂಗಸು. ಆಕೆಯ ಶ್ರುತಿ ಸಿದ್ದಾಪುರದಲ್ಲಿದ್ದರೆ ಹಾಡು ಸಾಗರದ ಬಸ್ಸು ಹತ್ತಿತ್ತು. ಆವತ್ತಿನಿಂದ ದೊಡ್ಡಾಯಿ ಕಾದಿದ್ದಳು. ಮೊಮ್ಮಗಳಿಗೆ ಅಜ್ಜಿ ಹಾಡಬಹುದು, ಅದಕ್ಕೆ ಯಾವ ಕಟ್ಟಳೆಯೂ ಅಡ್ಡ ಬರುವುದಿಲ್ಲ.

ಅಡ್ಡ ಬಂದದ್ದು ಗಂಟಲು. ಎರಡು ವರ್ಷದ ಹಿಂದೆ ಒಂದು ಕೆಮ್ಮು ಬಂತು, ಕೆಮ್ಮು ಹೋಗುವಾಗ ದನಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಉಳಿದದ್ದು ಗೊರಗೊರ ಅನ್ನುವ ಒಂದು ಸದ್ದು. ಡಾಕ್ಟರು ವಯಸ್ಸಿನ ಮೇಲೆ ಹಾಕಿ ಕೈತೊಳೆದುಕೊಂಡರು. ಅಷ್ಟರಲ್ಲಿ ಯಲ್ಲಾಪುರದಲ್ಲಿ ಮೊಮ್ಮಗಳ ಮದುವೆ ನಿಕ್ಕಿಯಾಯಿತು!

"ಈ ಗಂಟಲಲ್ಲಿ ಆನು ಮದುವೆ ಮನೇಲಿ ಬಾಯಿ ತೆಗೀತಿಲ್ಲೆ" ಎಂದು ದೊಡ್ಡಾಯಿ ಶಪಥ ಮಾಡಿದಳು. "ಟ್ಯಾಬಲ್ಲಿ ಗಂಟಲು ರಿಪೇರಿ ಮಾಡಲೆ ಆಗ್ತಡ. ಹಾಡು ತುಂಬಿಸಿ, ಚೊಕ್ಕ ಮಾಡಿ, ಮೈಕಲ್ಲಿ ಬಿಡವು. ತಮಾ, ನೀನೇ ಮಾಡಿಕೊಡವು."

ನಾನೇ ಯಾಕೆ? ನನ್ನದೊಂದು ಝೆರಾಕ್ಸ್ ಅಂಗಡಿಯಿದೆ. ಝೆರಾಕ್ಸ್ ಮಾಡುವವನಿಗೆ ಕಂಪ್ಯೂಟರು, ಮೊಬೈಲು, ರಾಕೆಟ್ಟು ಎಲ್ಲವೂ ಬರುತ್ತದೆಂದು ನಮ್ಮ ನೆಂಟರಿಷ್ಟರು ಬಲವಾಗಿ ನಂಬಿದ್ದಾರೆ. ನಾನೂ ಆ ನಂಬಿಕೆಗೆ ಭಂಗ ತಂದವನಲ್ಲ.

ಈಕ್ವಲೈಸರ್ ಅಂದರೇನೆಂದು ಅವಳಿಗೆ ವಿವರಿಸಿದೆ. ದನಿಯಲ್ಲಿ ದಪ್ಪ, ನಡು, ತೆಳು ಎಂದು ಭಾಗಗಳಿರುತ್ತವೆ; ಈ ಗುಂಡಿಗಳನ್ನು ಮೇಲೆ ಕೆಳಗೆ ಸರಿಸಿ ಯಾವುದು ಬೇಕೋ ಅದನ್ನು ಹೆಚ್ಚು ಕಡಿಮೆ ಮಾಡಬಹುದು. "ಸಾರಿಗೆ ಉಪ್ಪು, ಹುಳಿ, ಖಾರ ಹಾಕಿದಂಗೆ ಹೇಳು" ಎಂದಳು. ಅಲ್ಲಿಗೆ ನನ್ನ ಗುರುತನ ಮುಗಿಯಿತು. ಮರುದಿನದಿಂದ ಅವಳೇ ಅಡುಗೆಯವಳು, ನಾನು ತಪ್ಪಲೆ ತೊಳೆಯುವವನು.

ಮೊದಲನೆಯ ಆ್ಯಪಿನಲ್ಲಿ ರಾಕ್, ಜಾಝ್, ಹಿಪ್‌ಹಾಪ್, ಹೆವಿ ಮೆಟಲ್ ಎಂದು ಸಿದ್ಧ ಮಾಡಿಟ್ಟ ಪಟ್ಟಿಯಿತ್ತು. ದೊಡ್ಡಾಯಿ ಮೇಲಿನಿಂದ ಕೆಳಗೆ ಎರಡು ಸಲ ಹುಡುಕಿದಳು.

"ಇದ್ರಲ್ಲಿ ಹೆಂಗಸ್ರ ಹಾಡು ಹೇಳಿ ಎಲ್ಲಿದ್ದು?"

"ಇಲ್ಲೆ ದೊಡ್ಡಾಯಿ."

"ಎಣ್ಣೆ ಹಾಡು? ಧಾರೆ ಹಾಡು?"

"ಅದೂ ಇಲ್ಲೆ."

"ಇದನ್ನ ಮಾಡಿದವಕ್ಕೆ ಯಾರಿಗೂ ಮದುವೆ ಆಜಿಲ್ಯ?"

ಮದುವೆಗೆ ಹತ್ತಿರದ್ದೆಂದು 'ಪಾರ್ಟಿ' ಎನ್ನುವುದನ್ನು ಒತ್ತಿ, ಮೊಮ್ಮಗ ಬಿಟ್ಟುಹೋದ ದೊಡ್ಡ ಸ್ಪೀಕರಿಗೆ ಸೇರಿಸಿದಳು. ಗೂಡಿನಲ್ಲಿದ್ದ ಕುಂಕುಮದ ಭರಣಿ ತಾನಾಗಿಯೇ ನಡೆದುಕೊಂಡು ಬಂದು ಕೆಳಗೆ ಬಿತ್ತು. ಆ ಆ್ಯಪು ತಿರಸ್ಕೃತವಾಯಿತು.

ಐದನೆಯದು ಬಹಳ ಭರವಸೆ ಹುಟ್ಟಿಸಿತ್ತು. ಆದರೆ ಅದು ಪುಕ್ಕಟೆ ಆ್ಯಪು, ಜಾಹೀರಾತು ಬರುತ್ತದೆ. ಎರಡು ಆರತಿ ಹಾಡುಗಳ ನಡುವೆ ಗಂಡಸೊಬ್ಬ ಪ್ರತ್ಯಕ್ಷನಾಗಿ ಬಿರಿಯಾನಿಯಿಂದ ಕೋಳಿಯ ಕಾಲು ಎತ್ತಿ ತೋರಿಸಿದ! ದೊಡ್ಡಾಯಿ ಕೂತಿದ್ದು ದೇವರ ಕೋಣೆಯ ಬಾಗಿಲಲ್ಲಿ. ಪಂಚಗವ್ಯ ಪ್ರೋಕ್ಷಣೆ ಮಾಡಲು ಹೊರಟವಳನ್ನು ಹರಸಾಹಸಪಟ್ಟು ತೀರ್ಥಕ್ಕೆ ಒಪ್ಪಿಸಿದೆ. ಮೂರು ಉದ್ಧರಣೆ ತೀರ್ಥ ಕುಡಿದ ಟ್ಯಾಬು ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಮಲಗಿ ಸುಧಾರಿಸಿಕೊಂಡಿತು.

ಹಾಡು ತುಂಬಿಸುವುದು, ಅಂದರೆ ರೆಕಾರ್ಡ್ ಮಾಡುವುದು, ಇನ್ನೊಂದು ಪ್ರಹಸನ. ಹೆಂಗಸರ ಹಾಡಿನಲ್ಲಿ ಒಬ್ಬರು ಹೇಳಿದ ಸಾಲನ್ನು ಇನ್ನೊಬ್ಬರು ತಿರುಗಿ ಹೇಳಬೇಕು. ಈ ಟ್ಯಾಬಿನಲ್ಲಿ ಎರಡೂ ಪಾತ್ರ ದೊಡ್ಡಾಯಿಯದೇ. ಮೊದಲು ಒಂದು ದನಿ ತುಂಬಿಸಿ, ಆಮೇಲೆ ಅದರ ಮೇಲೆ ಇನ್ನೊಂದು. ಕೇಳಿಸಿದಾಗ ಅವಳ ಮುಖ ಸಿಂಡರಿಸುತ್ತಿತ್ತು. "ಈ ಎರಡನೇ ಹೆಂಗಸಿಗೆ ತಾಳ ಇಲ್ಲೆ. ಹಿಂದೆ ಬೀಳ್ತು" ಎನ್ನುತ್ತಿದ್ದಳು. ಅದೂ ನೀನೇ ಅಲ್ಲವೇ ಎಂದರೆ, "ಆದ್ರೆ ಎಂತಾ ಆತು? ತಪ್ಪು ತಪ್ಪೇ!"

ಕೂಸು ಒಪ್ಪಿಸುವ ಹಾಡಿನ ಸರದಿ ಬಂದಾಗ ಕೆಲಸ ಸಂಪೂರ್ಣ ನಿಂತಿತು. ಎದುರಿಗೆ ಕೂಸಿಲ್ಲದೆ ಅದನ್ನು ಹಾಡಬಾರದಂತೆ. "ಯಾರ್ನ ಒಪ್ಪಿಸದು? ಗೋಡೇನ?" ಎಂದು ನನ್ನನ್ನು ಆಪಾದಮಸ್ತಕ ನೋಡಿದಳು. ಸುತ್ತ ಬೇರೆ ಯಾರೂ ಇರಲಿಲ್ಲ. "ತಮಾ, ಮಣೆ ಮೇಲೆ ಕೂತ್ಗ." ನಲವತ್ತೊಂಬತ್ತು ವರ್ಷದ, ಪೊದೆ ಮೀಸೆಯ, ಎರಡು ಮಕ್ಕಳ ತಂದೆಯಾದ ನಾನು ತಲೆಯ ಮೇಲೆ ಶಾಲು ಹೊದ್ದು, ಹಣೆಗೆ ಕುಂಕುಮ ಇಡಿಸಿಕೊಂಡು, ಕೂಸಾಗಿ ಕೂತೆ. ತಲೆ ತಗ್ಗಿಸಲಿಲ್ಲವೆಂದು ಎರಡು ಸಲ ಬೈಸಿಕೊಂಡೆ. ಸರಿಯಾಗಿ ಅದೇ ಹೊತ್ತಿಗೆ ಗ್ಯಾಸ್ ಸಿಲಿಂಡರಿನವನು ಬಾಗಿಲಲ್ಲಿ ನಿಂತ. ಒಳಗೆ ನೋಡಿದ. ಸಿಲಿಂಡರನ್ನು ಶಬ್ದವಾಗದ ಹಾಗೆ ಕೆಳಗಿಟ್ಟು, ಸಹಿಯನ್ನೂ ಕೇಳದೆ ಹೋದ. ಈಗಲೂ ನನ್ನನ್ನು ಕಂಡರೆ ಅವನು ಸ್ಕೂಟರಿನ ವೇಗ ಹೆಚ್ಚಿಸುತ್ತಾನೆ.

ಹೀಗೆ ಮೂರು ತಿಂಗಳು ನಡೆಯಿತು. ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ನಾನು ಮಣೆಯ ಮೇಲೆ, ದೊಡ್ಡಾಯಿ ಟ್ಯಾಬಿನ ಮುಂದೆ. ಹಾಡು ತುಂಬಿಸಿ, ಆವತ್ತಿನ ಆ್ಯಪು ಹಾಕಿ, ಗುಂಡಿಗಳನ್ನು ಸರಿಸಿ ಸರಿಸಿ ಕೇಳುವುದು. ನಿಜ ಹೇಳಬೇಕೆಂದರೆ ಗೊರಗೊರ ಕಡಿಮೆಯಾಗಿ, ಹಳೆಯ ದನಿಯ ನೆರಳಿನಂಥದ್ದು ಕೇಳುತ್ತಿತ್ತು. ಅದನ್ನು ಆಗಿಂದಾಗಲೇ ವಾಟ್ಸಾಪಿನಲ್ಲಿ ಯಲ್ಲಾಪುರದ ಮಗಳಿಗೆ, ಅಂದರೆ ನಮ್ಮ ಅಕ್ಕನಿಗೆ, ಕಳಿಸುತ್ತಿದ್ದಳು. ಮದುವೆ ಮನೆಯ ಯಜಮಾನಿ ಅವಳೇ, ತೀರ್ಮಾನವೂ ಅವಳದೇ. ಉತ್ತರ ಮಾತ್ರ ದಿನಾ ಒಂದೇ: "ನಿನ್ನೆಗಿಂತ ಅಡ್ಡಿಲ್ಲೆ ಆಯಿ. ಇನ್ನೂ ಚೂರು ಆಗವು."

ಇನ್ನೂ ಚೂರು ಆಗವು! ಇನ್ನೂ ಸ್ವಲ್ಪ ಸುಧಾರಿಸಬೇಕು ಎನ್ನುವ ಇದೊಂದು ಮಾತಿಗೆ ಹದಿನೇಳು ಆ್ಯಪುಗಳು ಬಂದವು. "ಆ ಕೂಸಿಗೆ ಕಿವಿ ಸೂಕ್ಷ್ಮ, ಯನ್ನ ಹಂಗೆ" ಎಂದು ದೊಡ್ಡಾಯಿ ಹೆಮ್ಮೆಪಡುತ್ತಿದ್ದಳು. ಅಕ್ಕನಿಗೆ ಇಷ್ಟು ಗರ್ವ ಎಲ್ಲಿಂದ ಬಂತು ಎಂದು ನನಗೆ ಒಳಗೊಳಗೇ ಸಿಟ್ಟು. ಮಣೆಯ ಮೇಲೆ ಕೂತು ಬೆನ್ನು ನೋಯಿಸಿಕೊಳ್ಳುವವನು ನಾನು ತಾನೆ?

ಕೊನೆಗೆ ಹದಿನೇಳನೆಯದೇ ಶ್ರೇಷ್ಠವೆಂದು ದೊಡ್ಡಾಯಿಯೇ ತೀರ್ಮಾನಿಸಿದಳು. ಹಾಡನ್ನು ಪೆನ್‌ಡ್ರೈವಿಗೆ ಹಾಕಿ, ಮದುವೆಯ ದಿನ ಯಲ್ಲಾಪುರದ ಮಂಟಪದಲ್ಲಿ ಮೈಕ್ ಸೆಟ್ಟಿನವನ ಕೈಗೆ ನಾನೇ ಕೊಟ್ಟೆ. ಬನವಾಸಿ ಕಡೆಯ ಸಂಭಾವಿತ. "ಕೊಡ್ರಿ, ನೀವು ಕೈ ಮಾಡಿದ ಕೂಡ್ಲೇ ಹಚ್ಚತೇನ್ರಿ" ಎಂದ.

ಒಪ್ಪಿಸುವ ಹೊತ್ತು ಬಂತು. ಮೊಮ್ಮಗಳು ಮಣೆಯ ಮೇಲೆ ಕೂತಳು. ದೊಡ್ಡಾಯಿ ಹೊಸ ಸೀರೆಯಲ್ಲಿ ಅವಳ ಪಕ್ಕ, ಮಡಿಲಲ್ಲಿ ಟ್ಯಾಬು. ನಾನು ಕೈ ಮಾಡಿದೆ.

ಮಂಟಪದ ನಾಲ್ಕೂ ಮೂಲೆಯಿಂದ ಗೊರಗೊರ ಎಂಬ ಒಡಕು ದನಿ ಹೊರಟಿತು. ಮಾತಾಡುತ್ತಿದ್ದವರೆಲ್ಲ ಸ್ಪೀಕರಿನತ್ತ ತಿರುಗಿದರು. ದೊಡ್ಡಾಯಿಯ ಮುಖ ಬಿಳಿಚಿತು. "ಇದು ಆನು ಮಾಡಿದ್ದಲ್ಲ! ತಮಾ, ನಿಲ್ಲಿಸಾ!" ನಾನು ಓಡಿದೆ.

"ನಮ್ಮ ಪೆಟ್ಟಿಗ್ಯಾಗ ಏನೂ ತಪ್ಪಿಲ್ರೀ ಸರ" ಎಂದು ಮೈಕಿನವನು ಹಾಡು ನಿಲ್ಲಿಸಿ ಹೇಳಿದ. "ಆ ಆ್ಯಪು ಅವರ ಟ್ಯಾಬಿನ್ಯಾಗ ಕೇಳೂ ಮುಂದ ಅಷ್ಟ ದನಿ ಚಂದ ಮಾಡತೈತ್ರಿ. ಫೈಲಿಗೆ ಏನೂ ಆಗಿರಂಗಿಲ್ಲ. ಬ್ಯಾರೆ ಕಡೆ ಹಚ್ಚಿದ್ರ ಮೂಲ ದನೀನ ಬರತೈತಿ."

ಝೆರಾಕ್ಸ್ ತಜ್ಞನಿಗೆ ಇದು ಗೊತ್ತಿರಲಿಲ್ಲ! ಅಂದರೆ ಮೂರು ತಿಂಗಳೂ ದೊಡ್ಡಾಯಿಯ ಟ್ಯಾಬಿನಲ್ಲಿ ಮಾತ್ರ ದನಿ ಸುಧಾರಿಸಿತ್ತು. ವಾಟ್ಸಾಪಿನಲ್ಲಿ ಯಲ್ಲಾಪುರಕ್ಕೆ ಹೋದದ್ದೆಲ್ಲ ಈ ಗೊರಗೊರವೇ. ಹಾಗಾದರೆ ಅಕ್ಕ ದಿನಾ ಕೇಳಿದ್ದು ಏನು?

ತಿರುಗಿ ಬಂದು ಮೈಕಿನವನ ಮಾತನ್ನು ದೊಡ್ಡಾಯಿಗೆ ಹೇಳಿದೆ. ಅಕ್ಕ ಅಷ್ಟರಲ್ಲಿ ಅವಳ ಎದುರು ಕೂತಿದ್ದಳು.

"ಆಯಿ, ಯಂಗೆ ದಿನಾ ಬಂದದ್ದು ಇದೇ ಗಂಟಲು."

"ಇದೇಯ? ಮೊದಲ್ನೇ ದಿನದಿಂದ್ಲೂ?"

"ಹೌದು."

"ಮತ್ತೆ ಚೂರು ಆಗವು, ಚೂರು ಆಗವು ಹೇಳಿ ದಿನಾ ಹೇಳಿದ್ದು ಎಂತಕ್ಕೆ?"

"ಸರಿ ಆತು ಹೇಳಿದ್ರೆ ನೀನು ಕಳ್ಸದು ನಿಲ್ಲಿಸ್ತಿದ್ದೆ" ಎಂದಳು ಅಕ್ಕ. ಐವತ್ತರ ಹತ್ತಿರದ ಹೆಂಗಸು, ಮಕ್ಕಳ ಹಾಗೆ ಮೂಗೊರೆಸಿಕೊಂಡಳು. "ಯನ್ನ ಮದುವೇಲಿ ನಿನ್ನ ಹಾಡು ಕೇಳಲೆ ಸಿಕ್ಕಿದ್ದಿಲ್ಲೆ ಆಯಿ."

ದೊಡ್ಡಾಯಿ ಟ್ಯಾಬನ್ನು ನನ್ನ ಕೈಗೆ ಕೊಟ್ಟಳು. ಒಂದು ಕೈಯನ್ನು ಮೊಮ್ಮಗಳ ತಲೆಯ ಮೇಲಿಟ್ಟು, ಇನ್ನೊಂದರಲ್ಲಿ ಮಗಳ ಕೈ ಹಿಡಿದುಕೊಂಡು, ಅದೇ ಒಡಕು ಗಂಟಲಿನಲ್ಲಿ ಹಾಡು ಎತ್ತಿದಳು. ಮೈಕು ಬೇಕಾಗಲಿಲ್ಲ, ಮಂಟಪ ಅಷ್ಟು ಸುಮ್ಮನಿತ್ತು. ಮೂರನೆಯ ನುಡಿಯಲ್ಲಿ ಅಳು ಬಂತು, ಹಾಡು ನಿಂತಿತು. ಅಪಶಕುನವೆಂದು ಯಾರೂ ಅನ್ನಲಿಲ್ಲ, ಪುರೋಹಿತರೇ ಉತ್ತರೀಯದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ವಿಷಯ ಬಿಡಿ, ನನಗೆ ಟ್ಯಾಬು ಕೂಡ ಸರಿಯಾಗಿ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ದೊಡ್ಡಾಯಿ ಹಾಡನ್ನು ಅದು ನಿಂತಲ್ಲಿಂದಲೇ ಮತ್ತೆ ಎತ್ತಿಕೊಂಡಳು. ಮೊಮ್ಮಗಳು ಅಜ್ಜಿಯ ಮುಖ ನೋಡುತ್ತಿದ್ದಳು, ಅಜ್ಜಿ ಮಗಳ ಮುಖ ನೋಡುತ್ತಿದ್ದಳು. ಇಪ್ಪತ್ತೈದು ವರ್ಷ ತಡವಾಗಿ, ನಮ್ಮ ಅಕ್ಕ ಆವತ್ತು ಗಂಡನ ಮನೆಗೆ ಹೊರಟಳು.