ಈರುಳ್ಳಿಗೆ ಹೋದ ಚಪಾತಿ ಮೇಕರ್

ಬುಧವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟ ಅಂಜಮ್ಮ ಗೋಡೆಯ ಮೇಲಿನ ಗಂಡನ ಫೋಟೋ ನೋಡಿ ಶಪಥ ಮಾಡಿದಳು.

“ಇವತ್ತು ನಿನ್ನ ಕಬೋರ್ಡು ಖಾಲಿ ಮಾಡ್ತೀನಿ. ಒಂದು ಸ್ಕ್ರೂ ಕೂಡ ಬಿಡಾಕಿಲ್ಲ. ಅಳಾದೂ ಇಲ್ಲ. ನೋಡ್ಕೋ!”

ಫೋಟೋದಲ್ಲಿದ್ದ ಮುನಿಕೃಷ್ಣಪ್ಪ ಎಂದಿನಂತೆ ನಗುತ್ತಿದ್ದ. ಬದುಕಿದ್ದಾಗಲೂ ಅಷ್ಟೇ. ಬೈದರೆ ನಗುತ್ತಿದ್ದ. ನಕ್ಕು ಮುಗಿಸಿ ಹೋಗಿ ಮತ್ತೊಂದು ಯಂತ್ರ ತರುತ್ತಿದ್ದ.

ಮೆಟ್ಟೂರಿನ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಫಿಟ್ಟರ್ ಆಗಿದ್ದವನು. ಬೇರೆಯವರು ದೇವರ ಮುಂದೆ ನಿಲ್ಲುವ ಹಾಗೆ ಅವನು ಯಂತ್ರದ ಮುಂದೆ ನಿಲ್ಲುತ್ತಿದ್ದ. ಸೇಲಂ ಎಕ್ಸಿಬಿಷನ್‌ನಲ್ಲಿ ಯಾರೋ ಒಬ್ಬ ಕುತ್ತಿಗೆಗೆ ಮೈಕ್ ಕಟ್ಟಿಕೊಂಡು ಕ್ಯಾರೆಟ್ಟನ್ನು ಗುಲಾಬಿ ಹೂವು ಮಾಡಿ ತೋರಿಸಿದರೆ ಸಾಕು, ಇವನ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಕೊಳತ್ತೂರಿನ ಮನೆಗೆ ಬಂದ ಮೇಲೆ ಆ ಯಂತ್ರದಲ್ಲಿ ಹೂವಾದದ್ದು ಅವನ ಹೆಬ್ಬೆರಳು ಮಾತ್ರ!

ಹೀಗೆ ಬಂದವು ಎಷ್ಟೋ. ಸರ್ಕಾರ ಪುಕ್ಕಟೆ ಕೊಟ್ಟ ಮಿಕ್ಸಿ ದಿನಾ ಮುಂದೆ ನಿಂತು ಗೊರಗೊರ ದುಡಿಯುತ್ತಿತ್ತು. ಕಾಸು ಕೊಟ್ಟು ತಂದ ಮಹಾರಾಜರೆಲ್ಲ ಕಪಾಟಿನ ಹಿಂದೆ ಪೆಟ್ಟಿಗೆಯೊಳಗೆ ಮಲಗಿದ್ದರು. ಅಂಜಮ್ಮ ಬೈದಾಗಲೆಲ್ಲ ಅವನದು ಒಂದೇ ಮಾತು: “ಇರ್ಲಿ ಬುಡೇ. ಒಂದಿನ ಉಪಯೋಗಕ್ಕೆ ಬತ್ತದೆ.”

ಆ ಒಂದು ದಿನ ಬರಲಿಲ್ಲ. ಹೋದ ದೀಪಾವಳಿಗೆ ಮುಂಚೆ ಎದೆ ಹಿಡಿದುಕೊಂಡು ಜಗಲಿಯಲ್ಲಿ ಕೂತವನು ಏಳಲಿಲ್ಲ. ಅಷ್ಟೇ.

ಹನ್ನೊಂದನೆಯ ದಿನ ಅವಳ ಕುತ್ತಿಗೆಯಿಂದ ತಾಳಿ ಬಿಚ್ಚಿ ಹಾಲಿನ ಬಟ್ಟಲಿಗೆ ಹಾಕಿದರು. ಮೂವತ್ತೊಂದು ವರ್ಷ ಅಲ್ಲಿದ್ದ ತಾಳಿ. ಈಗ ಮಗಳು ಮೇನಕಾ ಸೇಲಂನಿಂದ ಫೋನ್ ಮಾಡಿದ್ದಳು: “ಅಮ್ಮಾ, ಶುಕ್ರವಾರ ಅಲ್ಲಿಗೇ ಬಂದು ಪಾಪು ಜೀವಿತಾಗೆ ಕಿವಿ ಚುಚ್ಚಿಸ್ತೀವಿ. ಅಪ್ಪ ಕಟ್ಟಿದ ತಾಳಿ ಬಂಗಾರದಲ್ಲೇ ಓಲೆ ಮಾಡ್ಸು. ಅಂಗಡೀದು ಬ್ಯಾಡ. ಅಪ್ಪ ಇದ್ದಂಗೆ ಇರ್ಲಿ.” ಗುರುವಾರ ಬೆಳಿಗ್ಗೆ ತಾಳಿ ಕೈಗೆ ಬಂದರೆ ಸಂಜೆಗೆ ಪುಟ್ಟ ಓಲೆ ಕೊಡುತ್ತೇನೆಂದು ಅಕ್ಕಸಾಲಿ ಶಿವರಾಮನ್ ಆಚಾರಿ ಮಾತು ಕೊಟ್ಟಿದ್ದ.

ತಾಳಿ ಭದ್ರವಾಗಿತ್ತು. ಆ ವಿಷಯದಲ್ಲಿ ಅಂಜಮ್ಮನಿಗೆ ಬಹಳ ಜಂಬ. ಕಳ್ಳ ಬಂದರೆ ಅಕ್ಕಿ ಡ್ರಮ್ಮು ನೋಡುತ್ತಾನೆ, ಬೇಳೆ ಡಬ್ಬಿ ನೋಡುತ್ತಾನೆ, ದೇವರ ಪಟದ ಹಿಂದೆಯೂ ಕೈ ಹಾಕುತ್ತಾನೆ. ಆದರೆ ಮುನಿಕೃಷ್ಣಪ್ಪ ತಂದ ಯಂತ್ರವನ್ನು ಮನೆಯವರೇ ಮುಟ್ಟುವುದಿಲ್ಲ, ಕಳ್ಳ ಮುಟ್ಟುತ್ತಾನೆಯೇ! ತಾಳಿಯನ್ನು ಜ್ಯೂಸರ್ ಒಳಗೆ ಇಟ್ಟಿದ್ದಳು. ಜ್ಯೂಸರನ್ನು ಮೊದಲೇ ತೆಗೆದು ದೇವರ ಮುಂದೆ ಇರಿಸಿ, ಸೆರಗು ಬಿಗಿದು ಬಾಗಿಲಲ್ಲಿ ನಿಂತಳು.

ಹಳೆ ಸಾಮಾನಿಗೆ ಈರುಳ್ಳಿ ಕೊಡುವ ಮುನುಸ್ವಾಮಿಯ ಮೊಪೆಡ್ಡು ಬಂತು. ಅದರ ಮೈಕ್ ಬೀದಿಯನ್ನೇ ಸೀಳುತ್ತಿತ್ತು. “ಪಳಯ ಸಾಮಾನುಕ್ಕು ವೆಂಗಾಯಂ! ವೆಂಗಾಯಂ!”

“ಬಾರಪ್ಪಾ. ಮೈಕ್ ಆರ್ಸಿ ಬಾ.”

ಮುನುಸ್ವಾಮಿ ಒಂದೊಂದೇ ಪೆಟ್ಟಿಗೆ ತೆಗೆದು ನೋಡಿದ.

“ಅಕ್ಕಾ, ಇದೇನಕ್ಕಾ?”

“ಮೊಟ್ಟೆ ಬೇಯ್ಸಾದು.”

“ನಿಮ್ಮನೇಲಿ ಮೊಟ್ಟೆ ತಿನ್ನಾಕಿಲ್ವಲ್ಲ?”

“ಅದ್ಕೇ ಒಸದಾಗಿ ಐತೆ. ಎತ್ಕೋ.”

“ಇದು?”

“ಚಪಾತಿ ಮೇಕರ್ರು. ಹಿಟ್ಟಿನ ಉಂಡೆ ಇಟ್ಟು ಮುಚ್ಚಿದ್ರೆ ಚಪಾತಿ ಬತ್ತದೆ ಅಂದ್ರು.”

“ಬಂತಾ?”

“ಬಂತು. ಬುಸ್ ಅಂತ ಆಚೆ ಬಂತು! ನೆಟ್ಟಗೆ ಕ್ಯಾಲೆಂಡರ್ ಮುರುಗನ ಮುಖಕ್ಕೆ ಓಗಿ ಅಂಟ್ಕೊಂತು. ಅವತ್ತು ಮುಚ್ಚಿದ್ದು, ಇವತ್ತೇ ಆಚೆ ತಗ್ದಿದ್ದು.”

ಒಂಬತ್ತು ಯಂತ್ರ ಹೋದವು. ಮೂರು ಕಿಲೋ ಈರುಳ್ಳಿ, ಒಂದು ಹಸಿರು ಟಬ್ಬು ಬಂದವು. ಕಪಾಟಿಗೆ ತಲೆ ಹಾಕಿ “ಹೋ” ಎಂದಳು. ಕಪಾಟೂ “ಹೋ” ಎಂದಿತು. ಸೇಲಂ ಕೋಟೆ ಗೆದ್ದವಳಂತೆ ಫೋಟೋ ಮುಂದೆ ಬಂದು ನಿಂತಳು.

“ನೋಡ್ದಾ? ಬದುಕಿನಾಗೆ ಒಂದಾದ್ರೂ ಉಪಯೋಗಕ್ಕೆ ಬರೋ ಸಾಮಾನು ತಂದ್ಯಾ ನೀನು?”

ಆಮೇಲೆ ತಾಳಿ ತೆಗೆಯೋಣ ಎಂದು ಜ್ಯೂಸರ್ ಮುಚ್ಚಳ ತಿರುಗಿಸಿದಳು.

ಒಳಗೆ ಒಂದು ಒಣಗಿದ ನಿಂಬೆ ಬೀಜ ಇತ್ತು.

ಅಂಜಮ್ಮ ಜ್ಯೂಸರನ್ನು ತಲೆಕೆಳಗೆ ಮಾಡಿದಳು. ಬೀಜ ಬಿತ್ತು. ಅಲ್ಲಾಡಿಸಿದಳು. ಏನೂ ಬೀಳಲಿಲ್ಲ. ನೆಲಕ್ಕೆ ಕೂತಳು. ಕೂತ ಮೇಲೆ ನೆನಪು ಬಂತು. ಬೇಸಿಗೆಯಲ್ಲಿ ಫ್ಯಾನು ರಿಪೇರಿಗೆ ಬಂದ ವೈರ್‌ಮ್ಯಾನು ಈ ಜ್ಯೂಸರ್ ನೋಡಿ “ನಲ್ಲಾ ಇರುಕ್ಕೇಮ್ಮಾ!” ಎಂದು ಹೊಗಳಿದ್ದ. ಹೊಗಳಿದ ತಕ್ಷಣ ಅಂಜಮ್ಮನಿಗೆ ದಿಗಿಲು. ಕಣ್ಣು ಬಿದ್ದ ಸಾಮಾನಿನಲ್ಲಿ ತಾಳಿ ಇಡುವುದೇ! ಲೋಕದಲ್ಲಿ ಯಾರೂ ಯಾವತ್ತೂ ಹೊಗಳದ ಸಾಮಾನು ಯಾವುದೆಂದು ಹುಡುಕಿ, ಚಪಾತಿ ಮೇಕರ್ ಪೆಟ್ಟಿಗೆಯ ತಳದಲ್ಲಿ, ಥರ್ಮಾಕೋಲಿನ ಕೆಳಗೆ, ಗ್ಯಾರಂಟಿ ಕಾರ್ಡಿನ ಕವರಿನೊಳಗೆ ಬದಲಾಯಿಸಿ ಇಟ್ಟಿದ್ದಳು.

ಆ ಬುದ್ಧಿವಂತಿಕೆಯನ್ನು ಆಮೇಲೆ ತಾನೇ ಮರೆತಿದ್ದಳು.

ಗಂಡ ಕಟ್ಟಿದ ತಾಳಿಯನ್ನು ಈರುಳ್ಳಿಗೆ ಹಾಕಿದಳು! ಊರಿಗೆ ಗೊತ್ತಾದರೆ ಜೀವಿತಾಳ ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಾರೆ. ಊರು ಹಾಳಾಗಲಿ, ಮೇನಕಾಳಿಗೆ ಏನು ಹೇಳುವುದು? ಅವಳಪ್ಪನದು ಅಂತ ಉಳಿದಿದ್ದ ಬಂಗಾರ ಅದೊಂದೇ.

ಅಂಜಮ್ಮ ಈರುಳ್ಳಿಯನ್ನು ಟಬ್ಬಿಗೆ ಸುರಿದು, ಟಬ್ಬನ್ನು ಸೊಂಟಕ್ಕಿಟ್ಟು ಓಡಿದಳು. ಮುನುಸ್ವಾಮಿಯ ಗೋಡೌನು ಇದ್ದ ಮೆಟ್ಟೂರಿಗೆ ಬಸ್ಸು ನಿಂತಿತ್ತು. ಹೆಂಗಸರಿಗೆ ಫ್ರೀ ಬಸ್ಸು. ಫ್ರೀ ಬಸ್ಸು ಕೈ ತೋರಿದಲ್ಲೆಲ್ಲ ನಿಲ್ಲುತ್ತದೆ. ಅವತ್ತು ಸೊಳ್ಳೆ ಓಡಿಸಲು ಕೈ ಎತ್ತಿದವರಿಗೂ ನಿಂತಿತು! ಅಂಜಮ್ಮ ತೊಡೆಯ ಮೇಲೆ ಟಬ್ಬು ಇಟ್ಟುಕೊಂಡು, ಡ್ರೈವರ್ ಬದಲು ತಾನೇ ಆಕ್ಸಿಲರೇಟರ್ ತುಳಿಯುವವಳಂತೆ ಕಾಲಿನಿಂದ ನೆಲ ಒತ್ತುತ್ತಾ ಕೂತಳು. ಪಕ್ಕದ ಹೆಂಗಸು ಕೇಳಿದಳು:

“ಈರುಳ್ಳಿ ಯಾಪಾರನಾ?”

“ಊಂ.”

“ಎಂಗೆ ಕೊಡ್ತೀಯಾ?”

“ಬಂಗಾರದ ರೇಟು!” ಎಂದಳು ಅಂಜಮ್ಮ. ಆ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಮುನುಸ್ವಾಮಿಯ ಗೋಡೌನಿನಲ್ಲಿ ಅಡಿಗೆಮನೆಗಳ ಸ್ಮಶಾನವೇ ಇತ್ತು. ಒಂದು ಕಡೆ ಟೋಸ್ಟರುಗಳ ಗುಡ್ಡ, ಒಂದು ಕಡೆ ಕುಕ್ಕರುಗಳು. ಅಂಜಮ್ಮ ಟಬ್ಬು ಇಳಿಸಿ ಗುಡ್ಡಕ್ಕೇ ಕೈ ಹಾಕಿದಳು. ಸೌಟುಗಳ ರಾಶಿ ಜರಿದು ಮೊಣಕಾಲವರೆಗೆ ಹೂತಳು. ಸದ್ದು ಕೇಳಿ ಊಟದ ಕೈಯಲ್ಲೇ ಮುನುಸ್ವಾಮಿ ಓಡಿ ಬಂದ.

“ಅಕ್ಕಾ! ಏನಾಯ್ತು?”

“ಚಪಾತಿ ಮೇಕರ್ರು ಎಲ್ಲಿ? ತಕ್ಕೋ ನಿನ್ನ ಈರುಳ್ಳಿ. ಒಂದು ಗೆಡ್ಡೆನೂ ಮುಟ್ಟಿಲ್ಲ.”

“ಬೆಳಿಗ್ಗೆ ಬಯ್ತಿದ್ರಲ್ಲ ಅದನ್ನ?”

“ಬೆಳಿಗ್ಗೆ ಬುದ್ಧಿ ಇರ್ಲಿಲ್ಲ. ಎಲ್ಲಿ, ಯೋಳು!”

ಮುನುಸ್ವಾಮಿ ತಲೆ ಕೆರೆದುಕೊಂಡ. “ಅದು ನಿಮ್ ಬೀದೀನೇ ದಾಟ್ಲಿಲ್ಲ ಅಕ್ಕಾ. ನಾನು ಗಾಡಿ ತಿರುಗ್ಸೋ ಒಳಗೆ ನೀಲಿ ಗೇಟಿನ ಅಕ್ಕ ಕೈ ತೋರ್ಸಿದ್ರು. ಎರಡು ತೂತು ಕೊಡ ಕೊಟ್ಟು ತಕ್ಕೊಂಡ್ರು.”

ನೀಲಿ ಗೇಟು ಎಂದರೆ ಲಕ್ಷ್ಮಕ್ಕ. ಅಂಜಮ್ಮನ ಮನೆಯಿಂದ ನಾಲ್ಕನೆಯ ಬಾಗಿಲು! ಉಗುಳಿದರೆ ಬೀಳುವ ದೂರಕ್ಕೆ ಅಂಜಮ್ಮ ಮೆಟ್ಟೂರು ಸುತ್ತಿ ಬಂದಿದ್ದಳು.

ಮತ್ತೆ ಬಸ್ಸು. ಮತ್ತೆ ಟಬ್ಬು. ನಾಲ್ಕು ಗಂಟೆಗೆ ನೀಲಿ ಗೇಟು ತಳ್ಳಿದಳು. ಲಕ್ಷ್ಮಕ್ಕ ಹಜಾರದಲ್ಲೇ ಕೂತಿದ್ದಳು, ಚಪಾತಿ ಮೇಕರ್ ಪೆಟ್ಟಿಗೆ ಅವಳ ಪಕ್ಕದಲ್ಲೇ ಇತ್ತು. ಅಂಜಮ್ಮನನ್ನು ಕಂಡದ್ದೇ ಅದರ ಮೇಲೆ ಕೈ ಇಟ್ಟಳು.

“ಏನೇ ಅಂಜಮ್ಮಾ, ಟಬ್ಬು ಎತ್ಕೊಂಡು ಬಂದಿದ್ದೀಯಾ?”

“ಅಕ್ಕಾ, ಆ ಮಿಷಿನ್ ಕೊಟ್ಬುಡು. ಅವ್ರ ಗ್ಯಾಪಕ ಅದು. ಬದಲಿಗೆ ಈ ಈರುಳ್ಳಿ, ಟಬ್ಬು ಎಲ್ಲಾ ತಕ್ಕೋ.”

“ಕೊಡಾಕಿಲ್ಲ. ನನಗೆ ಬೇಕು.”

“ಏನಕ್ಕೆ? ನೀನು ಚಪಾತಿ ತಿಂದಿದ್ದು ನಾನು ನೋಡೇ ಇಲ್ಲ!”

“ಇನ್ಮೇಲೆ ತಿಂತೀನಿ.”

“ಸರಿ, ಮಿಷಿನ್ ನೀನೇ ಮಡಿಕ್ಕೋ. ಪೆಟ್ಟಿಗೆ ಕೊಡು.”

ಲಕ್ಷ್ಮಕ್ಕನ ಕಣ್ಣು ಸಣ್ಣದಾಯಿತು. “ರಟ್ಟಿನ ಪೆಟ್ಟಿಗೆ ತಕ್ಕೊಂಡು ಏನ್ ಮಾಡ್ತೀಯಾ?”

“ನೀನು ಚಪಾತಿ ತಿಂದು ಏನ್ ಮಾಡ್ತೀಯೋ ಅದೇ!”

ಗಲಾಟೆ ಕೇಳಿ ಒಳಗಿನಿಂದ ಸೊಸೆ ಜ್ಯೋತಿಲಕ್ಷ್ಮಿ ಬಂದಳು. ಈ ಹುಡುಗಿ ಆಸ್ಪತ್ರೆಯಲ್ಲಿ ನರ್ಸು. ಅತ್ತೆಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ಮನೆಯ ಬೆಲ್ಲದ ಡಬ್ಬಿಗೂ ಬೀಗ ಹಾಕಿದವಳು.

“ವಿಡುಂಗ ಅತ್ತೆ, ಬುಡಿ, ಕೊಟ್ಬುಡಿ ಪಾಪ. ನಮ್ಗೆ ಏನಕ್ಕೆ ಇದು?” ಎಂದು ಬಗ್ಗಿ ಪೆಟ್ಟಿಗೆ ಎತ್ತಲು ಹೋದಳು.

“ಮುಟ್ಟಬ್ಯಾಡ!” ಎಂದು ಇಬ್ಬರೂ ಒಟ್ಟಿಗೆ ಕಿರುಚಿದರು.

ಜ್ಯೋತಿಲಕ್ಷ್ಮಿ ಹೌಹಾರಿ ಹಿಂದೆ ಸರಿದಳು. ಅಂಜಮ್ಮ ಲಕ್ಷ್ಮಕ್ಕನನ್ನು ನೋಡಿದಳು. ಲಕ್ಷ್ಮಕ್ಕ ಅಂಜಮ್ಮನನ್ನು ನೋಡಿದಳು. ಮೂವತ್ತು ವರ್ಷ ನಲ್ಲಿ ನೀರಿಗೆ ಜಗಳವಾಡಿದವರು. ಮಾತಿಲ್ಲದೆ ಒಬ್ಬರಿಗೊಬ್ಬರು ಅರ್ಥವಾದದ್ದು ಅದೇ ಮೊದಲು.

“ಜ್ಯೋತೀ, ಅಂಜಮ್ಮಂಗೆ ಕಾಫಿ ಮಾಡ್ಕೊಂಡು ಬಾಮ್ಮಾ” ಎಂದಳು ಲಕ್ಷ್ಮಕ್ಕ, ಜೇನಿನಂಥ ದನಿಯಲ್ಲಿ.

ಸೊಸೆ ಒಳಗೆ ಹೋದದ್ದೇ ಇಬ್ಬರೂ ಪೆಟ್ಟಿಗೆಯ ಮೇಲೆ ಬಿದ್ದರು. ಲಕ್ಷ್ಮಕ್ಕ ಚಪಾತಿ ಮೇಕರ್ ಎತ್ತಿ ಬಾಯಿ ತೆರೆದಳು. ಒಳಗೆ, ಎರಡು ತಟ್ಟೆಗಳ ನಡುವೆ, ಅಳತೆ ತೆಗೆದು ಮಾಡಿಸಿದ ಹಾಗೆ ಒಂದರ ಮೇಲೊಂದು ಏಳು ಕಜ್ಜಾಯ!

“ತಂಗಿ ತಂದ್ಕೊಟ್ಲು. ಎಲ್ಲಿ ಮಡಗಿದ್ರೂ ಆ ಹುಡುಗಿ ಕಂಡಿಡಿತಾಳೆ. ಇದನ್ನ ಯಾರೂ ತೆಗೆಯಾಕಿಲ್ಲ ಅಂತ…”

ಅಂಜಮ್ಮ ಕೇಳಿಸಿಕೊಳ್ಳಲಿಲ್ಲ. ಕೈ ತಳಕ್ಕೆ ಇಳಿದಿತ್ತು. ಥರ್ಮಾಕೋಲು ಸರಿಸಿದಳು. ಕವರು ಸಿಕ್ಕಿತು. ಕವರಿನೊಳಗೆ ಗ್ಯಾರಂಟಿ ಕಾರ್ಡು, ಕಾರ್ಡಿನ ಮಡಿಕೆಯಲ್ಲಿ ಅರಿಶಿನದ ಬಟ್ಟೆ, ಬಟ್ಟೆಯೊಳಗೆ ತಾಳಿ. ಮುಷ್ಟಿ ಮುಚ್ಚಿದಳು.

ಲಕ್ಷ್ಮಕ್ಕ ಮುಷ್ಟಿ ನೋಡಿದಳು. ಸಂದಿಯಿಂದ ಅರಿಶಿನದ ದಾರ ಕಾಣುತ್ತಿತ್ತು.

“ಅಯ್ಯೋ ಪಾಪಿ! ಇದನ್ನ ಈರುಳ್ಳಿಗೆ ಆಕಿದ್ಯಾ?”

ಬಯ್ಯುತ್ತಾಳೆ ಎಂದುಕೊಂಡಳು ಅಂಜಮ್ಮ. ಲಕ್ಷ್ಮಕ್ಕ ಒಂದು ಕಜ್ಜಾಯ ತೆಗೆದು ಅವಳ ಬಾಯಿಗೆ ಇಟ್ಟಳು. “ತಿನ್ನು. ಬೆಳಿಗ್ಗೆಯಿಂದ ಏನೂ ತಿಂದಿರಾಕಿಲ್ಲ ನೀನು.”

ಅಳುವುದಿಲ್ಲ ಎಂಬ ಶಪಥ ಅಲ್ಲಿಗೆ ಮುಗಿಯಿತು. ಹನ್ನೊಂದನೆಯ ದಿನ ಅಷ್ಟು ಜನರ ಮುಂದೆ ಅಳದವಳು, ಕಜ್ಜಾಯ ಅಗಿಯುತ್ತಲೇ ಅತ್ತಳು. ಅತ್ತು, ನುಂಗಿ, ಮೂಗು ಒರೆಸಿಕೊಂಡಳು. ಹಗುರವಾಯಿತು.

“ಇನ್ನೊಂದು ಕೊಡು” ಎಂದಳು.

“ನಾಚ್ಕೆ ಇಲ್ದೋಳೇ! ಆರೇ ಐತೆ.”

ಒಪ್ಪಂದ ಆಯಿತು. ಪೆಟ್ಟಿಗೆ ಅಂಜಮ್ಮನ ಮನೆಗೆ, ಕಜ್ಜಾಯದ ಸಮೇತ. ಲಕ್ಷ್ಮಕ್ಕ ದಿನಾ ನಾಲ್ಕು ಗಂಟೆಗೆ “ಮಾತಾಡೋಕೆ” ಬರುತ್ತಾಳೆ. ದಿನಕ್ಕೆ ಅರ್ಧ ಕಜ್ಜಾಯ, ಮೇಲೆ ಒಂದು ಚೂರೂ ಇಲ್ಲ. ಈ ಮಾತನ್ನು ಸೇರಿಸಿದ್ದು ಅಂಜಮ್ಮ. ಕಾಯಿಲೆ ಕಾಯಿಲೆಯೇ. ತಾಳಿ ವಿಷಯ ಲಕ್ಷ್ಮಕ್ಕ ಬಾಯಿ ಬಿಡುವುದಿಲ್ಲ, ಕಜ್ಜಾಯದ ವಿಷಯ ಅಂಜಮ್ಮ ಬಾಯಿ ಬಿಡುವುದಿಲ್ಲ.

ಗುರುವಾರ ಬೆಳಿಗ್ಗೆ ತಾಳಿ ಆಚಾರಿಯ ಕೈ ಸೇರಿತು. ಮಧ್ಯಾಹ್ನ ಮಗುವಿನ ಜೊತೆ ಬಂದ ಮೇನಕಾ ಕಪಾಟು ತೆರೆದು ಕಣ್ಣರಳಿಸಿದಳು.

“ಎಲ್ಲಾ ಖಾಲಿ ಮಾಡ್ಬುಟ್ಯಾ ಅಮ್ಮಾ! ಇದೊಂದು ಏನಕ್ಕೆ ಉಳೀತು?” ಎನ್ನುತ್ತಾ ಚಪಾತಿ ಮೇಕರ್ ಬಾಯಿ ತೆರೆದೇಬಿಟ್ಟಳು. “ಅಮ್ಮಾ! ಏನಿದು? ಕದ್ದು ಕದ್ದು ಸ್ವೀಟ್ ತಿಂತಿದ್ದೀಯಾ?”

ಲಕ್ಷ್ಮಕ್ಕನ ಹೆಸರು ಹೇಳಿದರೆ ತಾಳಿ ಈರುಳ್ಳಿಗೆ ಹೋದ ಕತೆಯೂ ಆಚೆ ಬರುತ್ತದೆ!

“ಊಂ” ಎಂದಳು ಅಂಜಮ್ಮ ತಲೆ ತಗ್ಗಿಸಿ.

“ಈ ವಯಸ್ಸಲ್ಲಿ! ಇವತ್ತಿಂದ ಸಕ್ಕರೆ ಕಟ್!”

ಒಂದು ದಿನವೂ ಸಕ್ಕರೆ ಕಾಯಿಲೆ ಕಾಣದ ಅಂಜಮ್ಮ ಎರಡು ದಿನ ಕಹಿ ಕಾಫಿ ಕುಡಿದಳು. ಮೇನಕಾ ಅಟ್ಟಕ್ಕೆ ಎತ್ತಿಟ್ಟ ಕಜ್ಜಾಯವನ್ನು ರಾತ್ರಿ ಯಾರಿಗೂ ಕಾಣದಂತೆ ಮತ್ತೆ ಚಪಾತಿ ಮೇಕರಿಗೇ ಸೇರಿಸಿದಳು. ಶುಕ್ರವಾರ ಕಿವಿ ಚುಚ್ಚಿದಾಗ ಜೀವಿತಾ ಬೀದಿ ನಡುಗುವಂತೆ ಅತ್ತಳು. ಪುಟ್ಟ ಓಲೆ ಮಿನುಗಿತು. ಪಾಯಸ ಬಡಿಸುವಾಗ ಮೇನಕಾ ತಾಯಿಯ ಎಲೆಯನ್ನು ದಾಟಿ ಹೋದಳು. ಪಕ್ಕದಲ್ಲೇ ಜ್ಯೋತಿಲಕ್ಷ್ಮಿಯ ಕಾವಲಿನಲ್ಲಿ ಲಕ್ಷ್ಮಕ್ಕನ ಎಲೆಯೂ ಖಾಲಿ. ಇಬ್ಬರೂ ಕಳ್ಳರಂತೆ ಗಡಿಯಾರ ನೋಡಿದರು. ನಾಲ್ಕಕ್ಕೆ ಇನ್ನೂ ಎರಡು ಗಂಟೆ ಇತ್ತು.

ಆಗ ಬೀದಿಯಲ್ಲಿ ಮುನುಸ್ವಾಮಿಯ ಮೈಕ್ ಕೂಗಿತು. ಮೇನಕಾ ಥಟ್ಟನೆ ಎದ್ದಳು.

“ಅಮ್ಮಾ, ಆ ಚಪಾತಿ ಮೇಕರನ್ನೂ ಆಕ್ಬುಡೋಣ. ವೇಸ್ಟಾಗಿ ಕೂತೈತೆ.”

“ಯಾವ್ದೇ ವೇಸ್ಟು?” ಅಂಜಮ್ಮ ಎಂಜಲು ಕೈಯಲ್ಲೇ ಬಾಗಿಲಿಗೆ ಅಡ್ಡ ನಿಂತಳು. ಗೋಡೆಯ ಮೇಲಿನ ನಗುವನ್ನು ಮಾತ್ರ ನೋಡಲಿಲ್ಲ. “ಬದುಕಿನಾಗೆ ಒಂದಾದ್ರೂ ಉಪಯೋಗ ಇಲ್ದೇ ಇರೋ ಸಾಮಾನು ತಂದಿದ್ರಾ ನಿಮ್ಮಪ್ಪ?”